ಒಪ್ಪಿಗೆ ಎಂದು ಭಾವಿಸತಕ್ಕದ್ದು

ಹಣಕಾಸು ಸಂಸ್ಥೆಗಳನ್ನು ಹದ್ದುಬಸ್ತಿನಲ್ಲಿಡುವುದಕ್ಕೆಂದೇ ಇರುವ ಸರ್ಕಾರಿ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸಂಬಳ ತೆಗೆದುಕೊಂಡ, ಅಷ್ಟೂ ವರ್ಷ ಒಂದೇ ಒಂದು ಸಂಸ್ಥೆಯ ಕೂದಲೂ ಕೊಂಕದಂತೆ ನೋಡಿಕೊಂಡ, ಆ ಕಾರಣಕ್ಕೇ ಕಿರಿಯ ತನಿಖಾಧಿಕಾರಿಯಿಂದ ಉಪ ನಿರ್ದೇಶಕನವರೆಗೆ ಒಂದು ಮೆಟ್ಟಿಲೂ ಎಡವದೆ ಹತ್ತಿದ ಮಹಾನುಭಾವನೊಬ್ಬನ ಕಥೆ ಇದು. ಅವನು ಲಂಚ ತಿಂದವನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ತನ್ನ ಬಗ್ಗೆ ಅವನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದುದು ಅದೊಂದನ್ನೇ. ತನಿಖೆಗೆ ಹೋದ ಕಡೆ ಒಂದು ಲೋಟ ಟೀ ಕೂಡ ಮುಟ್ಟುತ್ತಿರಲಿಲ್ಲ. ಕಳ್ಳನ ಮನೆಯಲ್ಲಿ ನೀರು ಕುಡಿಯದೆ, ಕಳ್ಳನನ್ನು ಅವನ ಪಾಡಿಗೆ ಬಿಟ್ಟು ಬರುವುದಕ್ಕೆ ಅವನು ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡಿದ್ದ. ಕಚೇರಿಯ ಜವಾನರು ಅವನಿಗೆ ಗುಮ್ಮನಗುಸಕ ಎಂದು ಹೆಸರಿಟ್ಟಿದ್ದರು. ಎರಡರಲ್ಲಿ ಜವಾನರು ಇಟ್ಟದ್ದೇ ಸರಿಯಾಗಿತ್ತು.

ಮನೆಯಲ್ಲಿ ಅವನು ಪಾಪಣ್ಣ; ಕಚೇರಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಂಬೆಗಾಲಿಡುವಾಗಲೇ ತಾಯಿ ಹೋದಳು. ಅಪ್ಪನಿಗೆ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಕಾವಲು ಕೆಲಸ. ಮನೆಗೆ ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತಳು. ಆಮೇಲೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ರಕ್ತದ ಕಲೆಯ ಹಾಸಿಗೆ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ತಿರುವಿ ತಿರುವಿ ಅವನನ್ನು ಓದಿಸಿದಳು. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಒಂದು ಮಗು ಸಾಕಿದ್ದೇ ಸಾಕಾಗಿದೆ, ಅದಕ್ಕೂ ಬಾಯಿ ಬರಲ್ಲ" ಎಂದು ನಗುತ್ತಿದ್ದಳು.

ಬಾಯಿ ಬರುತ್ತಿರಲಿಲ್ಲವೆಂದಲ್ಲ. ಇಷ್ಟವಿಲ್ಲದ್ದು ಎದುರಿಗೆ ಬಂದರೆ ಹುಡುಗ ಮನೆ ಹಾರಿಹೋಗುವಂತೆ ಅರಚುತ್ತಿದ್ದ. ಇಷ್ಟವಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಕ್ಕ ಇದನ್ನು ಬೇಗ ಕಂಡುಕೊಂಡಳು. ಅಂಗಡಿಯಲ್ಲಿ ಶರ್ಟಿನ ಬಟ್ಟೆ ಹಿಡಿದು "ಇದು ಆಗುತ್ತೇನೋ?" ಎಂದು ಕೇಳುವುದು, ಅವನ ಮುಖ ನೋಡುವುದು, ಅವನು ಸುಮ್ಮನಿದ್ದರೆ ಅಂಗಡಿಯವನಿಗೆ "ಕತ್ತರಿಸಿ" ಎನ್ನುವುದು. ಅವನ ಕಾಲೇಜು ನಿಶ್ಚಯವಾದದ್ದು ಹೀಗೆ. ಮದುವೆ ನಿಶ್ಚಯವಾದದ್ದೂ ಹೀಗೆಯೇ. ಫೋಟೊ ಮುಂದಿಟ್ಟಳು, ಅವನು ನೋಡಿದ, ಸುಮ್ಮನೆ ಕೂತ, ಅಕ್ಕ ಹೆಣ್ಣಿನ ಕಡೆಯವರಿಗೆ ಫೋನು ಮಾಡಿದಳು. "ಬೇಡದಿದ್ದರೆ ಹೇಳದೆ ಇರೋನಲ್ಲ ನಮ್ಮ ಪಾಪಣ್ಣ" ಎಂಬುದು ಆ ಮನೆಯ ಕಾನೂನು. ಅದರ ಮೇಲೆ ಅಕ್ಕ ಇಟ್ಟಿದ್ದ ನಂಬಿಕೆಯನ್ನು ಯಾವ ಸರ್ಕಾರದ ಕಾನೂನಿನ ಮೇಲೂ ಯಾರೂ ಇಟ್ಟಿರಲಾರರು.

ಕಚೇರಿಗೆ ಸೇರಿದ ಮೊದಲ ವರ್ಷ ಅವನಿಗೂ ಬಿಸಿ ರಕ್ತವಿತ್ತು. ಒಂದು ಸಾಲದ ಸಂಸ್ಥೆಯ ಮೇಲೆ ಎರಡು ಪುಟದ ಆಕ್ಷೇಪಣೆ ಬರೆದ. ಸಂಸ್ಥೆಯವರು ಕೋರ್ಟಿಗೆ ಹೋದರು. ಆ ಎರಡು ಪುಟದ ಕೆಳಗೆ ಸಹಿ ಹಾಕಿದ್ದ ಮೇಲಧಿಕಾರಿಯನ್ನು ವಕೀಲರು ಕಟಕಟೆಯಲ್ಲಿ ನಿಲ್ಲಿಸಿ ಮೂರು ವರ್ಷ ಅರೆದರು; ಕೊನೆಗೆ ಇಲಾಖೆಯೂ ಕೈಬಿಟ್ಟು, ಆತನನ್ನು ಬಸ್ಸು ಕೂಡ ಮನಸ್ಸಿದ್ದರೆ ಮಾತ್ರ ಹೋಗುವ ಒಂದು ಊರಿಗೆ ಎಸೆಯಿತು. ಬರೆದವನು ಹೊಸಬನೆಂಬ ಕಾರಣಕ್ಕೆ ಬಚಾವಾದ. ಆಗ ವಿಭಾಗದ ಮುದಿ ಸೂಪರಿಂಟೆಂಡೆಂಟು ಅವನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ.

"ಸಹಿ ಅನ್ನೋದು ಬಾಲ ಇದ್ದ ಹಾಗೆ ಕಣಯ್ಯ. ಉದ್ದ ಬಿಟ್ಟಷ್ಟೂ ಯಾರಾದರೂ ತುಳೀತಾರೆ. ನಮ್ಮ ನಿಯಮದ ಪುಸ್ತಕ ಸರಿಯಾಗಿ ಓದಿದ್ದೀಯೇನು? ಓದು."

ಓದಿದ. ಸಂಸ್ಥೆಯೊಂದು ಹೊಸ ಠೇವಣಿ ಯೋಜನೆ ಶುರುಮಾಡಬೇಕಾದರೆ ಅದರ ವಿವರವನ್ನು ಕಚೇರಿಗೆ ಕಳಿಸಬೇಕು. ಒಂದು ತಿಂಗಳೊಳಗೆ ಕಚೇರಿಯಿಂದ ಆಕ್ಷೇಪಣೆ ಬಾರದಿದ್ದಲ್ಲಿ ಒಪ್ಪಿಗೆ ಎಂದು ಭಾವಿಸತಕ್ಕದ್ದು. ಸೋಮಾರಿ ಅಧಿಕಾರಿಗಳಿಂದ ಸಂಸ್ಥೆಗಳಿಗೆ ತೊಂದರೆಯಾಗದಿರಲಿ ಎಂದು ಯಾರೋ ಪುಣ್ಯಾತ್ಮರು ಸೇರಿಸಿದ ಸಾಲು ಅದು. ನಮ್ಮ ಪಾಪಣ್ಣನಿಗೆ ಅದು ಸುಪ್ಪತ್ತಿಗೆಯಾಯಿತು. ಒಪ್ಪಿಗೆ ಕೊಟ್ಟರೆ ನಾಳೆ ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. ಬೇಡವೆಂದರೆ ಯಾಕೆ ಬೇಡವೆಂದೆ ಎಂದು ಕೇಳುತ್ತಾರೆ. ಸುಮ್ಮನಿದ್ದರೆ? ಒಪ್ಪಿದ್ದು ಅವನಲ್ಲ, ನಿಯಮ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾವು ಆಮೇಲೆ ಯಾರ ಮನೆಗೆ ನುಗ್ಗುತ್ತದೆ ಎಂಬುದು ಅವನ ವಿಭಾಗಕ್ಕೆ ಸೇರಿದ ವಿಷಯವಲ್ಲ.

ಅಂದಿನಿಂದ ಅವನ ಮೇಜಿನ ಮೇಲೆ ಎಡಗಡೆ ಒಂದು ಮರದ ಟ್ರೇ ಬಂತು. ಯೋಜನೆಗಳ ಕಡತ ಅದರೊಳಗೆ ಬೀಳುತ್ತಿತ್ತು, ತಿಂಗಳು ಮಲಗುತ್ತಿತ್ತು, ಎದ್ದು ಹೋಗುತ್ತಿತ್ತು. ಅವನು ಓದುತ್ತಿರಲಿಲ್ಲ ಎಂದುಕೊಂಡರೆ ಅನ್ಯಾಯವಾದೀತು. ಪ್ರತಿಯೊಂದು ಪುಟವನ್ನೂ ಓದುತ್ತಿದ್ದ. ಎಲ್ಲಿ ತೂತಿದೆ, ಯಾರು ಮುಳುಗುತ್ತಾರೆ ಎಂಬುದು ಅವನಿಗೆ ತಿಳಿದಷ್ಟು ಆ ಕಟ್ಟಡದಲ್ಲಿ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಓದಿ, ತಿಳಿದು, ಕನ್ನಡಕ ಒರೆಸಿಕೊಂಡು, ಕಡತವನ್ನು ನೆಟ್ಟಗೆ ಟ್ರೇಯಲ್ಲಿ ಜೋಡಿಸುತ್ತಿದ್ದ. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಅಧಿಕಾರಿ ಇದ್ದಳು. ತಪ್ಪು ಕಂಡರೆ ತಪ್ಪು ಎಂದು ಬರೆಯುವವಳು. ಅವಳನ್ನು ನೆಲಮಾಳಿಗೆಯ ಹಳೆಯ ದಾಖಲೆಗಳ ಕೋಣೆಗೆ ಕಳಿಸಿದರು, ಅವಳ ಕುರ್ಚಿಯನ್ನು ಇವನಿಗೆ ಕೊಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವನಿಗೆ ಕೈ ತೊಳೆದುಕೊಂಡೇ ಮೊಸರು ಸಿಕ್ಕಿತು.

ಮೇಲಿನವರ ಸಭೆಗಳಲ್ಲೂ ಇವನದು ಇದೇ ವರಸೆ. ಯಾವ ಪ್ರಶ್ನೆ ಬಂದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ತಲೆಯನ್ನು ಒಂದಿಷ್ಟು ಆಡಿಸುತ್ತಿದ್ದ. ಹೌದೆನ್ನುವವರಿಗೆ ಹೌದೆಂದು ಕಾಣುತ್ತಿತ್ತು, ಅಲ್ಲವೆನ್ನುವವರಿಗೆ ಅಲ್ಲವೆಂದು. ನಿರ್ದೇಶಕರು ಅವನನ್ನು "ತೂಕದ ಮನುಷ್ಯ" ಎಂದು ಹೊಗಳುತ್ತಿದ್ದರು.

ನಿವೃತ್ತಿಗೆ ಇನ್ನು ನಾಲ್ಕೈದು ವರ್ಷವಿರುವಾಗ ಅವನ ಟ್ರೇಗೆ ಏಣಿ ಕಂಪನಿಯ ಕಡತ ಬಂತು. ಅದಕ್ಕೆ ಉದ್ದದ ಹೆಸರೊಂದಿತ್ತು. ಫಲಕದ ಮೇಲೆ ಏಣಿಯ ಚಿತ್ರವಿದ್ದುದರಿಂದ ಜನ ಹಾಗೆ ಕರೆಯುತ್ತಿದ್ದರು. ಎಲ್ಲರಿಗಿಂತ ಎರಡು ಪಾಲು ಬಡ್ಡಿ. ಆ ಹಣವನ್ನು ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ವ್ಯಾಪಾರಿಗಳಿಗೆ ಸಾಲ ಕೊಡುತ್ತೇವೆ, ಸಾಲಕ್ಕೆ ಸರಕೇ ಆಧಾರ, ಸರಕು ನಮ್ಮ ಗೋದಾಮಿನಲ್ಲೇ ಭದ್ರವಾಗಿದೆ ಎಂದು ಕಂಪನಿಯವರು ಬರೆದಿದ್ದರು. ಗೋದಾಮು ನೋಡಿ ಬರಲು ಇವನನ್ನೇ ಕಳಿಸಿದರು.

ತಗಡಿನ ಛಾವಣಿಯ ಉದ್ದನೆಯ ಗೋದಾಮು. ನೆಲದಿಂದ ಆಳೆತ್ತರಕ್ಕೆ ರಟ್ಟಿನ ಪೆಟ್ಟಿಗೆಗಳ ಸಾಲು, ಒಂದೊಂದರ ಮೇಲೂ ಫ್ರಿಜ್ಜಿನ ಚಿತ್ರ. ಕಂಪನಿಯ ಮ್ಯಾನೇಜರು ಮುಂದೆ ನಡೆಯುತ್ತ ವಿವರಿಸುತ್ತಿದ್ದ. ಸೆಕೆಗೆ ಬೆವರಿದ ನಮ್ಮವನು ಒಂದು ಗಳಿಗೆ ನಿಂತು, ಪೆಟ್ಟಿಗೆಗಳ ಗೋಡೆಗೆ ಬೆನ್ನು ಆನಿಸಿದ. ಗೋಡೆ ಹಿಂದೆ ಸರಿಯಿತು. ಒಂದಲ್ಲ, ಇಡೀ ಸಾಲೇ ಸರಸರನೆ ಹಿಂದಕ್ಕೆ ಹೋಗಿ, ಮೇಲಿನ ಎರಡು ಪೆಟ್ಟಿಗೆಗಳು ಉರುಳಿ, ಒಂದು ಅವನ ತಲೆಯ ಮೇಲೇ ಬಿತ್ತು. ಫ್ರಿಜ್ಜು ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಕೂದಲು ಮಾತ್ರ ಕೆದರಿತು.

"ಅವು ಸ್ಯಾಂಪಲ್ ಪೆಟ್ಟಿಗೆ ಸಾರ್" ಎಂದ ಮ್ಯಾನೇಜರು, ಮುಖ ಬಿಳಿಚಿಕೊಂಡು. "ಮಾಲು ಒಳಗಡೆ ಇದೆ."

ಒಳಗಡೆ ಎಂದರೆ ಎಲ್ಲಿ ಎಂದು ಕೇಳುವವನಿಗೆ ತಾನೇ ಸಂಬಳ ಕೊಡುವುದು? ನಮ್ಮ ಪಾಪಣ್ಣ ಕೇಳಲಿಲ್ಲ. ಅವನು ಮಾಡಿದ್ದೇನು ಗೊತ್ತೇ? ಬಗ್ಗಿ, ಬಿದ್ದ ಪೆಟ್ಟಿಗೆಗಳನ್ನು ತನ್ನ ಕೈಯಾರೆ ಎತ್ತಿ, ಚಿತ್ರಗಳು ಮುಂದಕ್ಕೆ ಕಾಣುವಂತೆ ಮತ್ತೆ ಮೇಲಿಟ್ಟ. ಸಾಲು ನೆಟ್ಟಗಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಕೈ ಕೊಡವಿಕೊಂಡ. ಟೀ ಬೇಡವೆಂದ. ಕಚೇರಿಗೆ ಬಂದು "ಗೋದಾಮಿಗೆ ಭೇಟಿ ನೀಡಲಾಯಿತು" ಎಂದು, ಹೋದವರ ಹೆಸರಿಲ್ಲದೆ, ಬರೆಸಿದ. ಅದರಲ್ಲಿ ಸುಳ್ಳೇನಿದೆ ಹೇಳಿ. ತಿಂಗಳು ಕಳೆಯಿತು, ಕಡತ ಎದ್ದು ಹೋಯಿತು, ಏಣಿ ಕಂಪನಿ ಊರ ತುಂಬ ಶಾಖೆ ತೆರೆಯಿತು.

ಅವನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ಗಂಡನ ಪಾಲಿನ ಮಾತನ್ನೂ ತಾನೇ ಆಡಿ ಸಂಸಾರ ತೂಗಿಸಿಕೊಂಡು ಬಂದವಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಏಣಿ ಹತ್ತುತ್ತಿರುವುದನ್ನು ಕಂಡು ಒಂದು ಬೆಳಿಗ್ಗೆ ಅವನ ಬಟ್ಟೆ ಇಸ್ತ್ರಿ ಮಾಡುತ್ತ ಕೇಳಿದಳು.

"ನಮ್ಮದೂ ಒಂದಿಷ್ಟು ಅಲ್ಲಿ ಹಾಕೋಣ್ವಾ? ಬ್ಯಾಂಕಲ್ಲಿ ಸುಮ್ನೆ ಕೊಳೀತಾ ಇದೆ."

"ಬೇಡ" ಎಂದ ಅವನು.

"ಯಾಕೆ?"

ಅವನು ಇಸ್ತ್ರಿಯಾದ ಶರ್ಟು ತೊಟ್ಟು ಹೊರಟ. ಅವಳಿಗೆ ಕಾರಣ ಬೇಕಾಗಿಯೂ ಇರಲಿಲ್ಲ. ಆ ಗಂಡಿನ ಬಾಯಿಂದ ಉದುರಿದ ಒಂದು ಮಾತು ಎಂದರೆ ಹತ್ತು ಪುಟದ ವರದಿ ಎಂಬುದು ಅವಳಿಗೆ ಇಪ್ಪತ್ತೈದು ವರ್ಷದ ಅನುಭವ. ಮನೆಯ ಹಣ ಇದ್ದಲ್ಲೇ ಉಳಿಯಿತು. ಒಂದು ಪದ. ಅವನಿಗೆ ಅದನ್ನು ಹೇಳಲು ಬರುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಕೇಳಬೇಕು.

ಅಕ್ಕ ಅಷ್ಟು ಹೊತ್ತಿಗೆ ಆಸ್ಪತ್ರೆಯಿಂದ ನಿವೃತ್ತಳಾಗಿ ಆರೇಳು ವರ್ಷವಾಗಿತ್ತು. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಿಸಿನೀರಿನ ಹಬೆಯಲ್ಲಿ ಆಯುಸ್ಸು ಕಳೆದವಳಿಗೆ ಅಲ್ಲಿನ ಬಾಲ್ಕನಿಯ ಗಾಳಿ ಎಂದರೆ ಪ್ರಾಣ. ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತರೆ ಊಟ ಮರೆಯುತ್ತಿದ್ದಳು. ಮನೆಯ ಮಾಲೀಕ ಅದನ್ನು ಮಾರಲು ಹೊರಟ. ಹಳೆಯ ಬಾಡಿಗೆದಾರಳೆಂದು ಅವಳಿಗೇ ಮೊದಲು ಹೇಳಿ, ಒಂದು ವರ್ಷ ಟೈಮು ಕೊಟ್ಟ. ಅವಳ ಉಳಿತಾಯ, ನಿವೃತ್ತಿಯ ಹಣ ಎಲ್ಲ ಸೇರಿದರೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ವರ್ಷವೊಂದು ಏಣಿ ಕಂಪನಿಯಲ್ಲಿ ಇಟ್ಟರೆ ಆ ಸ್ವಲ್ಪವೂ ತುಂಬುತ್ತದೆ ಎಂದು ಲೆಕ್ಕ ತೋರಿಸಿದವನು ಅವಳ ಜೊತೆಗೇ ಕೆಲಸ ಮಾಡಿ ನಿವೃತ್ತನಾಗಿದ್ದ ಕಾಂಪೌಂಡರು. ಪಾಪ, ಅವನು ಮೋಸಗಾರನಲ್ಲ. ತನ್ನ ಹಣವನ್ನೂ ಅಲ್ಲೇ ಸುರಿದು, ಅರ್ಜಿಗಳನ್ನು ಚೀಲದಲ್ಲಿಟ್ಟುಕೊಂಡು ಪರಿಚಯದವರ ಮನೆಮನೆ ತಿರುಗುತ್ತಿದ್ದ.

ಅಕ್ಕ ಒಂದು ಭಾನುವಾರ ತಮ್ಮನನ್ನು ಕರೆಸಿಕೊಂಡಳು. ಕಾಂಪೌಂಡರು ಆಗಲೇ ಬಂದು ಕೂತಿದ್ದ. ಅವಳು ಮೂವರಿಗೂ ಟೀ ಕೊಟ್ಟು, ಎದುರಿಗೆ ಕೂತಳು.

"ಪಾಪಣ್ಣ, ನೀನೇ ಹೇಳಪ್ಪ. ಈ ಕಂಪನಿ ನಿಮ್ಮ ಆಫೀಸಿನ ಕೆಳಗೇ ಬರುತ್ತಂತೆ. ಈ ಮನೆ ದುಡ್ಡು ಇದು, ಇನ್ನೊಂದು ಸಲ ದುಡಿಯೋಕೆ ನನ್ನ ಕೈಲಾಗಲ್ಲ. ಇಡಬಹುದಾ?"

"ಸಾಹೇಬ್ರ ಆಫೀಸಲ್ಲೇ ಪಾಸಾಗಿರೋ ಸ್ಕೀಮು ಅಕ್ಕೋರೆ" ಎಂದ ಕಾಂಪೌಂಡರು, ಸಾಹೇಬರ ಕಡೆ ನೋಡಿ ಹಲ್ಲು ಬಿಟ್ಟು. "ಇವರಿಗಿಂತ ಗ್ಯಾರಂಟಿ ಬೇಕಾ?"

ನಮ್ಮವನ ತಲೆಯೊಳಗೆ ಆಗ ಹಗುರ ಪೆಟ್ಟಿಗೆಗಳ ಸಾಲು ಸರಸರನೆ ಹಿಂದೆ ಸರಿಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಈಗ ಬೇಡವೆಂದರೆ ಈ ಕಾಂಪೌಂಡರು ಸುಮ್ಮನಿರುತ್ತಾನೆಯೇ? ಇಳಿಸಂಜೆಯೊಳಗೆ ಆಸ್ಪತ್ರೆಗೆಲ್ಲ ಸುದ್ದಿ. ನಾಳೆ ಏಣಿ ಕಂಪನಿಯ ಬಾಗಿಲಲ್ಲಿ ಸಾಲು. ನಾಡಿದ್ದು ಪತ್ರಿಕೆಯಲ್ಲಿ, ಅಧಿಕಾರಿಯೊಬ್ಬರು ಹೇಳಿದ್ದಾರೆ ಎಂದು. ಯಾವ ಅಧಿಕಾರಿ, ಗೋದಾಮಿಗೆ ಹೋಗಿದ್ದವನು ತಾನೇ, ಅಲ್ಲಿ ಕಂಡದ್ದನ್ನು ಯಾಕೆ ಬರೆಯಲಿಲ್ಲ? ಮೂವತ್ತು ವರ್ಷ ಸುಳಿವು ಬಿಡದೆ ನಡೆದವನು ಒಂದು ಲೋಟ ಟೀಯ ಮುಂದೆ ಸಿಕ್ಕಿಬೀಳುವುದೇ? ಕಾಂಪೌಂಡರು ಹೊರಟುಹೋಗಲಿ, ಆಮೇಲೆ ಅಕ್ಕನಿಗೆ ಒಬ್ಬಳಿಗೇ ಹೇಳಿದರಾಯಿತು ಎಂದುಕೊಂಡ. ಟೀ ಗುಟುಕರಿಸಿದ. ನೆಲದ ಹಾಸುಗಲ್ಲನ್ನು ನೋಡಿದ.

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಸಾಕಷ್ಟು ಹೊತ್ತು ಕೊಟ್ಟಳು. ಅವಳ ಕಡೆಯಿಂದ ಏನೂ ಕಡಿಮೆಯಾಗಲಿಲ್ಲ. ಆಮೇಲೆ ಅವಳ ಮುಖ ಅರಳಿತು.

"ತನ್ನಿ ಇಲ್ಲಿ ಪೆನ್ನು" ಎಂದಳು ಕಾಂಪೌಂಡರಿಗೆ. "ಬೇಡದಿದ್ದರೆ ಹೇಳದೆ ಇರೋನಲ್ಲ ಇವನು."

ಅವನು ಅಲ್ಲೇ ಇದ್ದ. ಬಾಯಿ ಇತ್ತು, ನಾಲಿಗೆ ಇತ್ತು, ಕೈಗೆಟಕುವ ದೂರದಲ್ಲಿ ಅರ್ಜಿ ಇತ್ತು. ಅಕ್ಕ ತನ್ನ ಸೊಟ್ಟ ಅಕ್ಷರದಲ್ಲಿ ನಿಧಾನವಾಗಿ ಹೆಸರು ಬರೆದು ಮುಗಿಸುವವರೆಗೂ ಅವನು ಖಾಲಿ ಲೋಟದಿಂದ ಟೀ ಕುಡಿಯುತ್ತಿದ್ದ.

ಆ ಸಂಜೆ ಫೋನು ಮಾಡಬೇಕೆಂದುಕೊಂಡ. ಮಾಡಿದ ಕೂಡ. ಮಂಡಿ ನೋವು ಹೇಗಿದೆ ಎಂದು ಕೇಳಿ ಇಟ್ಟ. ಇನ್ನೊಂದು ವಾರ ಬಿಟ್ಟು ಹೇಳೋಣವೆಂದುಕೊಂಡ, ವಾರ ತಿಂಗಳಾಯಿತು. ಇಷ್ಟು ತಡವಾಗಿ ಹೇಳಿದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಎಂಬುದು ಹೊಸ ಕಾರಣವಾಯಿತು. ಇಂಥ ಕಂಪನಿಗಳು ಎಷ್ಟೋ ವರ್ಷ ನಡೆಯುತ್ತವೆ, ಇವಳಿಗೆ ಬೇಕಾದದ್ದು ಒಂದು ವರ್ಷ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ಕಾರಣಗಳ ಬರಗಾಲ ಎಂದೂ ಬಂದಿಲ್ಲ. ಮೊದಲ ತಿಂಗಳ ಬಡ್ಡಿ ಬಂದಾಗ ಅಕ್ಕ ಅವನಿಗೊಂದು ಉಣ್ಣೆಯ ಸ್ವೆಟರು ತಂದುಕೊಟ್ಟಳು. ತಿಳಿ ಬೂದು ಬಣ್ಣದ್ದು, ಎದೆಗೆ ಗುಂಡಿಯದ್ದು. "ನೀನು ಇಲ್ಲದಿದ್ರೆ ನಾನು ಹೆದರಿ ಇಡ್ತಾನೇ ಇರ್ಲಿಲ್ಲ" ಎಂದಳು. ಅವನು ಅದನ್ನು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದ. ಚೆನ್ನಾಗಿ ಒಪ್ಪುತ್ತಿತ್ತು, ಇಲ್ಲವೆನ್ನುವಂತಿಲ್ಲ.

ವರ್ಷ ತುಂಬಲು ಎರಡು ತಿಂಗಳಿರುವಾಗ ಏಣಿ ಕಂಪನಿ ಬಾಗಿಲು ಹಾಕಿತು. ಬೆಳಿಗ್ಗೆ ಜನ ಬಂದು ನೋಡಿದರೆ ಶಟರು ಇಳಿದಿದೆ, ಮ್ಯಾನೇಜರ ಫೋನು ಸತ್ತಿದೆ. ಗೋದಾಮಿನ ಬೀಗ ಒಡೆದವರು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬೀದಿಯುದ್ದಕ್ಕೂ ಒದ್ದುಕೊಂಡು ಬಂದರು. ಊರೆಲ್ಲ ಕೊಳ್ಳೆ ಹೋದ ಮೇಲೆ ನಿಯಂತ್ರಣ ಕಚೇರಿ ಕೋಟೆ ಬಾಗಿಲು ಹಾಕಿತು: ಇನ್ನು ಮುಂದೆ ಯಾರೂ ಆ ಕಂಪನಿಯಲ್ಲಿ ಠೇವಣಿ ಇಡಬಾರದು ಎಂದು ಪ್ರಕಟಣೆ ಹೊರಡಿಸಿತು.

ಅಕ್ಕ ಮಧ್ಯಾಹ್ನ ತಮ್ಮನ ಮನೆಗೆ ಬಂದಳು. ಅಳುತ್ತಾಳೆಂದು ಅವನು ಸಿದ್ಧನಾಗಿದ್ದ. ಅವಳು ಅಳಲಿಲ್ಲ. ಬಂದವಳೇ ಅವನ ಪಕ್ಕ ಕೂತು, ಅವನ ಬೆನ್ನು ಸವರಿದಳು.

"ನೀನು ಮನಸ್ಸಿಗೆ ಹಚ್ಕೋಬೇಡ. ನಿನಗಾದ್ರೂ ಹೇಗೆ ಗೊತ್ತಾಗ್ಬೇಕು? ಅಂಥಾ ಕಳ್ಳರು ನಿಮ್ಮ ಆಫೀಸಿಗೇ ಮಣ್ಣೆರಚಿದಾರೆ. ನಿನಗೆ ಗೊತ್ತಿದ್ದಿದ್ರೆ ನನಗೆ ಹೇಳದೆ ಇರ್ತಿದ್ದೆಯಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು, ಒದ್ದೆ ಕೈ ಒರೆಸಿಕೊಳ್ಳದೆಯೇ ಗಂಡನನ್ನು ನೋಡಿದಳು. ಈಗಲಾದರೂ ಅವನೇ ಹೇಳಲಿ ಎಂದು ಕಾದಳು. ಅವಳಿಗೆ ಅಕ್ಕನಷ್ಟು ತಾಳ್ಮೆಯಿರಲಿಲ್ಲ.

"ನಾನು ನಮ್ಮ ದುಡ್ಡು ಅಲ್ಲಿ ಇಡ್ಲಾ ಅಂತ ಕೇಳಿದ್ದೆ ಅತ್ತಿಗೆ" ಎಂದಳು. "ಬೇಡ ಅಂದ್ರು. ನೀವು ಇಡೋಕಿಂತ ಮುಂಚೆ. ನಿಮಗೂ ಹೇಳಿರ್ತಾರೆ, ನೀವೇ ಕೇಳಿಲ್ಲವೇನೋ ಅಂದ್ಕೊಂಡಿದ್ದೆ."

ಅಕ್ಕನ ಕೈ ಅವನ ಬೆನ್ನ ಮೇಲೆ ಇದ್ದಲ್ಲೇ ನಿಂತಿತು.

"ಬೇಡ ಅಂದ್ಯಾ?" ಎಂದು ಕೇಳಿದಳು, ಹೆಂಡತಿಯನ್ನಲ್ಲ, ಅವನನ್ನು.

"ಅವತ್ತು ಆ ಕಾಂಪೌಂಡರ್ ಇದ್ದ..." ಎಂದು ಅವನು ಶುರುಮಾಡಿದ. "ನಮಗೆ ಹೇಳೋ ಹಾಗಿಲ್ಲ. ನಿಯಮ ಇದೆ."

"ನಮ್ಮನೆ ದುಡ್ಡಿಗೆ ಬೇರೆ ನಿಯಮನಾ?" ಎಂದಳು ಹೆಂಡತಿ.

ಅಕ್ಕ ಕೈ ತೆಗೆದುಕೊಂಡಳು. ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದಳು. ಅವಳು ಒಂದು ಬೈಗುಳ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು, ಬೈಯಲಿಲ್ಲವಲ್ಲ ಎಂದು ಅವನು ಅವಳ ಮೇಲೆಯೇ ಒಳಗೊಳಗೆ ಸಿಟ್ಟು ಮಾಡಿಕೊಂಡ. ವರ್ಷ ತುಂಬಿದಾಗ ಮಾಲೀಕ ಮನೆಯನ್ನು ಬೇರೆಯವರಿಗೆ ಮಾರಿದ. ನಮ್ಮ ಜೊತೆ ಬಂದಿರಿ ಎಂದು ಹೆಂಡತಿ ಎರಡು ಸಲ ಹೋಗಿ ಕರೆದಳು. ಅಕ್ಕ ಬರಲಿಲ್ಲ. ಆಸ್ಪತ್ರೆಯ ಹಿಂದೆ ಹೆಂಗಸರ ಹಾಸ್ಟೆಲಿನಲ್ಲಿ, ನಾಲ್ಕು ಮಂಚದ ಕೋಣೆಯಲ್ಲಿ ಒಂದು ಮಂಚ ಹಿಡಿದಳು. ಕಿಟಕಿ ಅವಳ ಮಂಚದ ಕಡೆಗಿರಲಿಲ್ಲ.

ಇತ್ತ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಏಣಿ ಕಂಪನಿಯ ಕಡತದಲ್ಲಿ ಯಾರ ಸಹಿ ಇದೆ ಎಂದು ಹುಡುಕಿದರು. ಸಿಕ್ಕವರನ್ನೆಲ್ಲ ಅಮಾನತು ಮಾಡಿದರು. ಟಪಾಲು ಸ್ವೀಕರಿಸಿ ಸಹಿ ಹಾಕಿದ್ದ ಗುಮಾಸ್ತಳೂ ಅದರಲ್ಲಿ ಒಬ್ಬಳು. ಉಪ ನಿರ್ದೇಶಕನ ಸಹಿ ಎಲ್ಲೂ ಇರಲಿಲ್ಲ. ಇಡೀ ವಿಭಾಗದಲ್ಲಿ ಮಸಿ ಹತ್ತದ ಮನುಷ್ಯ ಇವನೊಬ್ಬನೇ ಎಂದು ಕಂಡುಬಂದದ್ದರಿಂದ, ಠೇವಣಿದಾರರ ಹಕ್ಕು ಕೇಳಿ ಇತ್ಯರ್ಥ ಮಾಡುವ ಸಮಿತಿಗೆ ಇವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಸಮಿತಿಯವರ ಸಂಬಂಧಿಕರು ಯಾರಾದರೂ ಠೇವಣಿದಾರರಲ್ಲಿದ್ದರೆ ಮೊದಲೇ ತಿಳಿಸಬೇಕು, ತಿಳಿಸಿದವರು ಹೊರಗುಳಿಯಬೇಕು ಎಂಬ ನಿಯಮವಿತ್ತು. ತಿಳಿಸಿದರೆ ಪ್ರಶ್ನೆಗಳು ಹುಟ್ಟುತ್ತವೆ. ಅವನು ತಿಳಿಸಲಿಲ್ಲ. "ನಾಚಿಕೆ ಅನ್ನೋದು ನಿಮ್ಮ ಮೈಯಲ್ಲಿ ಯಾವ ಕಡೆ ಇದೆ, ಡಾಕ್ಟರಿಗೆ ತೋರಿಸಿ" ಎಂದಳು ಹೆಂಡತಿ. ಅಂದಿನಿಂದ ಅವಳೂ ಅವನ ಜೊತೆ ಮಾತು ಕಡಿಮೆ ಮಾಡಿದಳು.

ವಿಚಾರಣೆ ನಡೆದದ್ದು ಪುರಸಭೆಯ ಹಳೆಯ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಹಸಿರು ಬಟ್ಟೆ ಹೊದ್ದ ಮೇಜು, ಮಧ್ಯದ ಕುರ್ಚಿಯಲ್ಲಿ ನಮ್ಮ ಅಧ್ಯಕ್ಷ, ಅತ್ತಿತ್ತ ಇಬ್ಬರು ಸದಸ್ಯರು. ಮೇಜಿನ ತುದಿಯಲ್ಲಿ ಒಬ್ಬ ಗುಮಾಸ್ತ. ತಲೆಯ ಮೇಲಿನ ಫ್ಯಾನು ಗಡಗಡ ಎನ್ನುತ್ತಿದ್ದುದರಿಂದ ಎಲ್ಲರನ್ನೂ ಕೂಗಿ ಕೂಗಿ ಕೇಳುತ್ತಿದ್ದ. ಕೆಳಗೆ ಬೆಂಚುಗಳ ತುಂಬ ಜನ. ಅಕ್ಕನ ಸರದಿ ಯಾವತ್ತು ಎಂಬುದು ಅವನಿಗೆ ಗೊತ್ತಿತ್ತು. ಆ ದಿನ ರಜೆ ಹಾಕೋಣವೆಂದರೆ ಕಾರಣ ಬರೆಯಬೇಕು. ಎಲ್ಲಿ ಎಲ್ಲರೆದುರು ಪಾಪಣ್ಣ ಎಂದುಬಿಡುತ್ತಾಳೋ ಎಂದು ಹೆದರಿ ಕೂತಿದ್ದ. ಅವಳು ಹೇಗಿದ್ದಾಳೆ, ಊಟ ಸರಿಯಾಗಿ ಮಾಡುತ್ತಿದ್ದಾಳೋ ಇಲ್ಲವೋ ಎಂಬುದು ಅವನಿಗೆ ಅವಳು ಮೆಟ್ಟಿಲು ಹತ್ತಿ ಬಂದು ಎದುರು ನಿಂತ ಮೇಲಷ್ಟೇ ನೆನಪಾಯಿತು. ಇಳಿದುಹೋಗಿದ್ದಳು.

ಗುಮಾಸ್ತ ಕಾಗದ ತಿರುವಿ ಶುರುಮಾಡಿದ.

"ಯಾರು ಹೇಳಿ ಇಟ್ರಿ ಅಮ್ಮ?"

"ಯಾರೂ ಏನೂ ಹೇಳ್ಲಿಲ್ಲ."

"ಯಾರನ್ನಾದರೂ ಕೇಳಿದ್ರಾ?"

"ಕೇಳ್ದೆ."

"ಅವರೇನಂದ್ರು?"

"ಏನೂ ಅನ್ಲಿಲ್ಲ."

"ಏನೂ ಅನ್ನದೋರ ಮಾತು ಕೇಳಿ ಅಷ್ಟು ದುಡ್ಡು ಇಟ್ರಾ!" ಎಂದ ಗುಮಾಸ್ತ. ಬೆಂಚುಗಳಲ್ಲಿ ಕೆಲವರು ನಕ್ಕರು. ಅಕ್ಕನೂ ಸ್ವಲ್ಪ ನಕ್ಕಳು. ಗುಮಾಸ್ತ ಇನ್ನೊಂದು ಹಾಳೆ ತೆಗೆದ. "ಇಲ್ಲಿ ನಾಮಿನಿ ಅಂತ ಪಾಪಣ್ಣ, ತಮ್ಮ ಅಂತ ಬರ್ಸಿದ್ದೀರಿ. ಅವರ ವಿಳಾಸ ಕೊಡಿ. ಅವರೂ ಒಂದ್ಸಲ ಬಂದು ಹೋಗ್ಬೇಕಾಗುತ್ತೆ."

ಅಕ್ಕ ತಲೆಯೆತ್ತಿ ಮಧ್ಯದ ಕುರ್ಚಿಯ ಕಡೆ ನೋಡಿದಳು. ಅವಳು ಸತ್ತ ಮೇಲೆ ಆ ಹಣವೆಲ್ಲ ಯಾರಿಗೆ ಸೇರಬೇಕಿತ್ತು ಎಂಬುದು ಕುರ್ಚಿಯಲ್ಲಿದ್ದವನಿಗೆ ಈಗ ತಿಳಿಯಿತು. ಅವನು ಎದುರಿನ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿದ. ಅಕ್ಕ ಈ ಸಲವೂ ಸಾಕಷ್ಟು ಹೊತ್ತು ಕೊಟ್ಟಳು.

"ಅದನ್ನ ಹೊಡೆದು ಹಾಕಪ್ಪ" ಎಂದಳು ಗುಮಾಸ್ತನಿಗೆ. "ತಮ್ಮ ಇಲ್ಲ."

"ಅಂದ್ರೆ?"

"ಹೋದ."

ಗುಮಾಸ್ತನ ದನಿ ತಗ್ಗಿತು. "ಅಯ್ಯೋ. ಏನಾಗಿತ್ತಮ್ಮ?"

"ಏನೂ ಇಲ್ಲ. ಮನೇಲಿ ಟೀ ಕುಡೀತಾ ಕೂತಿದ್ದ. ಕೂತಲ್ಲೇ."

ಬೆಂಚಿನಲ್ಲಿ ಯಾರೋ ಲೊಚಗುಟ್ಟಿದರು. ಗುಮಾಸ್ತ ತಲೆ ಕೆರೆದುಕೊಂಡ. "ಹಾಗಾದ್ರೆ ಮರಣ ಪ್ರಮಾಣಪತ್ರ ತರ್ಬೇಕಾಗುತ್ತಲ್ಲ ಅಮ್ಮ. ಅದಿಲ್ದೆ ಹೆಸರು ತೆಗೆಯೋಕೆ ಬರಲ್ಲ. ಇಲ್ಲಾಂದ್ರೆ ನಾವೇ ವಿಚಾರಿಸಿ ಪತ್ತೆ ಮಾಡ್ಬೇಕು, ಯಾರು, ಎಲ್ಲಿದ್ರು ಅಂತ."

"ಅದನ್ನೆಲ್ಲಿಂದ ತರ್ಲಿ ನಾನು? ನಿಮ್ಮ ಸಾಹೇಬ್ರನ್ನ ಕೇಳು, ಬೇಕೇ ಬೇಕಾ ಅಂತ."

ಗುಮಾಸ್ತ ತಿರುಗಿದ. ಇಬ್ಬರು ಸದಸ್ಯರೂ ತಿರುಗಿದರು. ಸುಮ್ಮನಿದ್ದರೆ ಪತ್ತೆ ಮಾಡಲು ಹೊರಡುತ್ತಾರೆ. ಹಳೆಯ ಬೀದಿಯಲ್ಲಿ ಪಾಪಣ್ಣ ಯಾರೆಂದು ಕೇಳಿದರೆ ಹಾಲಿನವನೂ ಹೇಳುತ್ತಾನೆ. ಸುಮ್ಮನಿರುವುದರಿಂದ ಅವನಿಗೇ ನಷ್ಟವಾಗುವ ಗಳಿಗೆ ಜೀವಮಾನದಲ್ಲಿ ಅದೊಂದೇ ಬಂತು.

"ಬೇಡ" ಎಂದ.

ಫ್ಯಾನಿನ ಸದ್ದಿನಲ್ಲಿ ಗುಮಾಸ್ತನಿಗೆ ಕೇಳಿಸಲಿಲ್ಲ. "ಸಾರ್?"

"ಬೇಡ, ಬೇಡ" ಎಂದು ಅವನು ಗಟ್ಟಿಯಾಗಿ ಹೇಳಿದ. ದನಿ ಸಭಾಂಗಣದ ಕೊನೆಯ ಬೆಂಚಿನವರೆಗೂ ಹೋಯಿತು. "ತಮ್ಮ ಇಲ್ಲ ಅಂತಲೇ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಅಕ್ಕ ಬಗ್ಗಿ ತನ್ನ ಚೀಲ ಎತ್ತಿಕೊಂಡಳು.

"ನೋಡಪ್ಪ, ಹೇಳೋಕೆ ಬರುತ್ತೆ ನಿಮ್ಮ ಸಾಹೇಬ್ರಿಗೆ" ಎಂದು ಗುಮಾಸ್ತನಿಗೆ ಹೇಳಿ, ಒಂದೊಂದೇ ಮೆಟ್ಟಿಲು ನೋಡಿಕೊಂಡು ವೇದಿಕೆಯಿಂದ ಕೆಳಗಿಳಿದಳು. ಗುಮಾಸ್ತ ಮುಂದಿನವರ ಹೆಸರು ಕೂಗಿದ.